ಮಾರಿಷಸ್‌ನಲ್ಲಿ ಮತ ಹಾಕುವುದು ಹೇಗೆ? ಹೆಸರು ಸೇರಿಸುವುದರಿಂದ ಫಲಿತಾಂಶದವರೆಗೆ

ಮಾರಿಷಸ್‌ನಲ್ಲಿ ಒಬ್ಬರಿಗೆ ಮೂರು ಮತ. ಮೂರನ್ನೂ ಹಾಕಲೇಬೇಕು. ಎರಡೇ ಹಾಕಿ ಬಂದರೆ ಆ ಚೀಟಿಯೇ ಕುಲಗೆಟ್ಟ ಮತ. ಈ ಒಂದು ನಿಯಮ ಗೊತ್ತಿಲ್ಲದೆ ಬೂತಿಗೆ ಹೋದರೆ, ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಪಟ್ಟ ಕಷ್ಟವೆಲ್ಲ ದಂಡ.

ಇದು ನಮಗ್ಯಾಕೆ ಅನ್ನಬಹುದು. ಕಾರಣ ಇದೆ. ಮಾರಿಷಸ್ ಸಂವಿಧಾನದ 42ನೇ ಪರಿಚ್ಛೇದ ಮತದ ಹಕ್ಕನ್ನು ಅಲ್ಲಿನ ನಾಗರಿಕರಿಗೆ ಮಾತ್ರ ಅಂತ ಕಟ್ಟಿಹಾಕಿಲ್ಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಕೊಟ್ಟಿದೆ. ಭಾರತ ಕಾಮನ್‌ವೆಲ್ತ್‌ನಲ್ಲಿದೆ. ಅಂದರೆ ಕೆಲಸಕ್ಕೆಂದು ಹೋಗಿ ಎರಡು ವರ್ಷ ಅಲ್ಲೇ ನೆಲೆಸಿದ ಹುಬ್ಬಳ್ಳಿಯವರೋ ಮಂಗಳೂರಿನವರೋ ಕೂಡ ಅಲ್ಲಿನ ಮತಪಟ್ಟಿಗೆ ಹೆಸರು ಸೇರಿಸಲು ಅರ್ಜಿ ಹಾಕಬಹುದು. ಅಲ್ಲಿ ಇರುವ ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿರಲಿಕ್ಕಿಲ್ಲ. ಅವರಿಗೂ, ಸುಮ್ನೆ ಕುತೂಹಲದಿಂದ ಓದುವವರಿಗೂ ಸೇರಿಸಿ ಬರೆದಿದ್ದೇನೆ.

ಮೊದಲು ಕ್ಷೇತ್ರಗಳ ಲೆಕ್ಕ

ದೇಶದ ಜನಸಂಖ್ಯೆ 12 ಲಕ್ಷದ ಮೇಲೆ ಸ್ವಲ್ಪ. ದೊಡ್ಡ ದ್ವೀಪ ಮಾರಿಷಸ್. ಅಲ್ಲಿಂದ ಪೂರ್ವಕ್ಕೆ ಸುಮಾರು 600 ಕಿಲೋಮೀಟರ್ ದೂರ, ಸಮುದ್ರದ ಮಧ್ಯೆ ರೋಡ್ರಿಗಸ್ ಎಂಬ ಪುಟ್ಟ ದ್ವೀಪ.

ದೊಡ್ಡ ದ್ವೀಪದಲ್ಲಿ 20 ಕ್ಷೇತ್ರಗಳು. ಪ್ರತಿ ಕ್ಷೇತ್ರದಿಂದ ಮೂವರು ಗೆಲ್ಲುತ್ತಾರೆ. ರೋಡ್ರಿಗಸ್ 21ನೇ ಕ್ಷೇತ್ರ, ಅಲ್ಲಿಂದ ಇಬ್ಬರು. ಹೀಗೆ ಜನ ನೇರವಾಗಿ ಆರಿಸುವವರು 62 ಜನ. ಇದರ ಮೇಲೆ ಸೋತವರಲ್ಲಿ ಕೆಲವರನ್ನು ಆರಿಸಿ ಹೆಚ್ಚೆಂದರೆ 8 ಸೀಟು ಕೊಡುತ್ತಾರೆ. ಸೋತವರಿಗೆ ಸೀಟಾ? ಹೌದು. ಅದರ ಕಥೆ ಮುಂದೆ ವಿವರವಾಗಿ ಇದೆ.

ಅಲ್ಲಿನ ಜನ ಕ್ಷೇತ್ರವನ್ನು ನಂಬರಿನಿಂದಲೇ ಕರೆಯುತ್ತಾರೆ. 5 ಅಂದರೆ ಪಾಂಪ್ಲೆಮೂಸ್ ಮತ್ತು ತ್ರಿಯೋಲೆ. 8 ಅಂದರೆ ಕಾರ್ತಿಯೆ ಮಿಲಿತೇರ್ ಮತ್ತು ಮೋಕಾ. ನಿಮ್ಮ ಮನೆ ಯಾವ ನಂಬರಿಗೆ ಬರುತ್ತದೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ಮುಂದಿನ ಕೆಲಸವೆಲ್ಲ ಆ ನಂಬರಿನ ಮೇಲೆ ನಿಂತಿದೆ.

ಹಂತ 1: ನಿಮಗೆ ಹಕ್ಕಿದೆಯೇ ನೋಡಿಕೊಳ್ಳಿ

ವಯಸ್ಸು 18 ತುಂಬಿರಬೇಕು. ಮಾರಿಷಸ್ ಪ್ರಜೆಯಾಗಿರಬೇಕು ಇಲ್ಲವೇ ಬೇರೆ ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿರಬೇಕು. ಇದರ ಜೊತೆಗೆ, ಗೊತ್ತುಮಾಡಿದ ದಿನಕ್ಕೆ ಹಿಂದಿನ ಎರಡು ವರ್ಷ ಬಿಡದೆ ಅಲ್ಲಿ ವಾಸವಾಗಿರಬೇಕು. ಅಲ್ಲೇ ಕಾಯಂ ನೆಲೆ ಇರುವವರಾದರೆ ಆ ದಿನ ಅಲ್ಲಿ ವಾಸವಿದ್ದರೆ ಸಾಕು.

18ರ ವಯಸ್ಸಿನ ನಿಯಮಕ್ಕೆ ಒಂದು ಹಿನ್ನೆಲೆ ಇದೆ. 1975ರ ಮೇ ತಿಂಗಳಲ್ಲಿ ಅಲ್ಲಿನ ಶಾಲಾ ಕಾಲೇಜು ಮಕ್ಕಳು ಬೀದಿಗಿಳಿದು ದೊಡ್ಡ ಚಳವಳಿ ಮಾಡಿದರು. ಆಮೇಲೆ ಮತದ ವಯಸ್ಸು 18ಕ್ಕೆ ಇಳಿಯಿತು. 1976ರ ಚುನಾವಣೆಯಲ್ಲಿ ಆ ಹುಡುಗ ಹುಡುಗಿಯರು ಮೊದಲ ಸಲ ಮತ ಹಾಕಿದರು. ನಮ್ಮಲ್ಲಿ 18 ಬಂದದ್ದು 1989ರಲ್ಲಿ ಅಲ್ವಾ?

ಹೊರದೇಶದಿಂದ ಬಂದ ಕೆಲಸಗಾರರ ಹೆಸರು ಪಟ್ಟಿಯಲ್ಲಿ ಇರಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿ ಆಗಾಗ ಏಳುತ್ತದೆ. ಆದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವವರು ಅರ್ಜಿ ಹಾಕುವ ಮೊದಲು ಪೋರ್ಟ್ ಲೂಯಿಸ್‌ನಲ್ಲಿರುವ ಚುನಾವಣಾ ಆಯುಕ್ತರ ಕಚೇರಿಯಲ್ಲಿ ಆಗಿನ ನಿಯಮ ಕೇಳಿಕೊಂಡರೆ ಒಳ್ಳೆಯದು.

ಮಾರಿಷಸ್ ಪ್ರಜೆಯಾಗಿದ್ದು ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ನೆಲೆಸಿದವರಿಗೆ ಅಲ್ಲಿಂದಲೇ ಮತ ಹಾಕುವ ದಾರಿ ಇಲ್ಲ. ಅಂಚೆ ಮತ ಇಲ್ಲ. ಬೇರೆಯವರ ಕೈಲಿ ಮತ ಹಾಕಿಸುವ ಅವಕಾಶ ಕೆಲವರಿಗೆ ಮಾತ್ರ: ಚುನಾವಣೆ ಕೆಲಸಕ್ಕೆ ಹೋದವರು, ಪೊಲೀಸರು, ಅಭ್ಯರ್ಥಿಗಳು, ಇಂಥವರಿಗೆ. ಅಂದರೆ ಎರಡು ವರ್ಷ ಅಲ್ಲಿದ್ದ ಭಾರತೀಯರಿಗೆ ಸಿಗುವ ಮತ, ಹೊರಗೆ ದುಡಿಯಲು ಹೋದ ಅಲ್ಲಿನ ಮಗನಿಗೆ ಕೈಗೆಟುಕುವುದಿಲ್ಲ. ನನ್ನನ್ನು ಕೇಳಿದರೆ ಇದು ಸರಿಯಾಗಬೇಕು.

ಹಂತ 2: ಹೆಸರು ಸೇರಿಸಿ, ಆಮೇಲೆ ಹೋಗಿ ನೋಡಿ

ಇಡೀ ಬರಹದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು.

ಮಾರಿಷಸ್‌ನಲ್ಲಿ ಮತಪಟ್ಟಿ ಪ್ರತಿ ವರ್ಷ ಹೊಸದಾಗುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ನೋಂದಣಿ ಅಧಿಕಾರಿಗಳು ಮನೆಮನೆಗೆ ಬರುತ್ತಾರೆ. ನಮ್ಮಲ್ಲಿ ಬಿಎಲ್ಓ ಬರುವ ಹಾಗೆಯೇ. ಮನೆಯಲ್ಲಿ ಯಾರು ಇದ್ದೀರಿ, ಯಾರು ಹೊಸದಾಗಿ ಬಂದಿದ್ದೀರಿ, ಯಾರು ತೀರಿಕೊಂಡರು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಗುರುತಿನ ಚೀಟಿ ಕೈಗೆ ಸಿಗುವಲ್ಲಿ ಇಟ್ಟುಕೊಂಡಿರಿ. ಹೊರದೇಶದವರಾದರೆ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ತೋರಿಸಲು ಸಿದ್ಧವಾಗಿರಿ.

ಅವರು ಬಂದಾಗ ನೀವು ಕೆಲಸಕ್ಕೆ ಹೋಗಿದ್ದಿರಿ ಎಂದುಕೊಳ್ಳಿ. ಬಾಗಿಲು ಹಾಕಿತ್ತು. ಅಲ್ಲಿಗೆ ಮುಗಿಯಲಿಲ್ಲ. ಕರಡು ಪಟ್ಟಿಯನ್ನು ಜನ ನೋಡಲೆಂದು ಪ್ರದರ್ಶನಕ್ಕೆ ಇಡುತ್ತಾರೆ. ಆಗ ನೀವೇ ಹೋಗಿ ಹೆಸರು ಹುಡುಕಬೇಕು. ಇಲ್ಲದಿದ್ದರೆ ಸೇರಿಸಿ ಎಂದು ಅರ್ಜಿ ಕೊಡಬೇಕು. ಹೆಸರು ತಪ್ಪಾಗಿದ್ದರೆ ತಿದ್ದಿಸಬೇಕು. ಇರಬಾರದವರ ಹೆಸರಿದ್ದರೆ ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಇದೆಲ್ಲ ಮುಗಿದು ಆಗಸ್ಟ್ ನಡುವಿನಲ್ಲಿ ಹೊಸ ಪಟ್ಟಿ ಜಾರಿಗೆ ಬರುತ್ತದೆ. ಒಮ್ಮೆ ಜಾರಿಗೆ ಬಂದ ಮೇಲೆ ಮುಂದಿನ ಆಗಸ್ಟ್‌ವರೆಗೆ ಅದೇ ಪಟ್ಟಿ. ನಡುವೆ ಚುನಾವಣೆ ಘೋಷಣೆಯಾದರೆ ಓಡಿಹೋಗಿ ಸೇರಿಸಿಕೊಳ್ಳಿ ಎಂದರೆ ಆಗುವುದಿಲ್ಲ. ಮನೆ ಬದಲಾಯಿಸಿದ್ದರೆ ಅಲ್ಲಿಯವರೆಗೆ ಹಳೆಯ ಮನೆಯ ಕ್ಷೇತ್ರದಲ್ಲೇ ನಿಮ್ಮ ಮತ.

2019ರ ನವೆಂಬರ್ 7ರಂದು ಏನಾಯಿತು ನೋಡಿ. ಮತ ಹಾಕಲು ಬಂದ ಸಾವಿರಾರು ಜನರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಹಿಂದಿನ ಚುನಾವಣೆಗಳಲ್ಲಿ ಮತ ಹಾಕಿದ್ದೆವು ಎಂದು ಹೇಳುವವರೂ ಅವರಲ್ಲಿದ್ದರು. ದೊಡ್ಡ ಗಲಾಟೆಯಾಯಿತು, ಮೊಕದ್ದಮೆಗಳೂ ನಡೆದವು. ಆದರೆ ಆ ದಿನ ಮರಳಿದವರ ಮತ ಮರಳಿ ಬರಲಿಲ್ಲ. ಅದಕ್ಕೇ ಹೇಳುವುದು: ಕಳೆದ ಸಲ ಇತ್ತು, ಈ ಸಲವೂ ಇರುತ್ತೆ ಎಂದು ಕೂರಬೇಡಿ. ಕರಡು ಬಂದಾಗ ನೋಡಿ, ಅಂತಿಮ ಪಟ್ಟಿ ಬಂದ ಮೇಲೆ ಇನ್ನೊಮ್ಮೆ ನೋಡಿ.

ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ. ಈ ದ್ವೀಪದಲ್ಲಿ ಪಟ್ಟಿಯಲ್ಲೊಂದು ಹೆಸರು ಸುಲಭಕ್ಕೆ ಸಿಕ್ಕಿದ್ದಲ್ಲ. 1834ರಿಂದ ಭಾರತದ ಕೂಲಿಗಳನ್ನು ಹಡಗಿನಲ್ಲಿ ತಂದು ಪೋರ್ಟ್ ಲೂಯಿಸ್‌ನಲ್ಲಿ ಇಳಿಸಿ, ಕಬ್ಬಿನ ಗದ್ದೆಗಳಿಗೆ ಹಂಚಿದರು. ಅವರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಊರಲ್ಲಿ ಅವರೇ ಹೆಚ್ಚು. ಆದರೂ ಮತ ಮಾತ್ರ ಆಸ್ತಿವಂತರಿಗೆ. 1948ಕ್ಕೆ ಮೊದಲು ಇಡೀ ದ್ವೀಪದಲ್ಲಿ ಮತದಾರರು 12 ಸಾವಿರವೂ ಇರಲಿಲ್ಲ. 1947ರಲ್ಲಿ ನಿಯಮ ಬದಲಾಯಿತು. ದ್ವೀಪದಲ್ಲಿ ಬಳಕೆಯಲ್ಲಿರುವ ಯಾವುದಾದರೂ ಭಾಷೆಯಲ್ಲಿ ಸರಳವಾಗಿ ಓದಿ ಬರೆಯಲು ಬಂದರೆ ಮತ ಎಂದರು. ಹಿಂದಿ, ತಮಿಳು, ತೆಲುಗು, ಉರ್ದು ಕೂಡ ಆಗುತ್ತಿತ್ತು.

ಆಗ ಹಳ್ಳಿಗಳಲ್ಲಿ ಏನಾಯಿತು ಗೊತ್ತಾ? ಸಮಾಜ ಸುಧಾರಕ ಬಸ್‌ದೇವ್ ಬಿಸೂಂದಯಾಲ್ ಅವರ ಜನ ಆಂದೋಲನ ಎಂಬ ಚಳವಳಿಯ ಕಾರ್ಯಕರ್ತರು ಊರೂರಿಗೆ ಹೋದರು. ಬೈಠಕಾ ಎಂದು ಕರೆಯುವ ಊರಿನ ಕೂಟದ ಮನೆಗಳಲ್ಲಿ ಪಾಠ ಶುರುವಾಯಿತು. ಹಗಲೆಲ್ಲ ಕಬ್ಬು ಕಡಿದವರು ತಮ್ಮ ಹೆಸರು ಬರೆಯುವುದನ್ನು ಕಲಿತರು. 1948ರ ಚುನಾವಣೆಗೆ ಮತದಾರರ ಸಂಖ್ಯೆ 70 ಸಾವಿರ ದಾಟಿತು. ಹೆಂಗಸರೂ ಮೊದಲ ಸಲ ಮತ ಹಾಕಿದ್ದು ಆಗಲೇ. ಓದು ಬರಹದ ಷರತ್ತು ಪೂರಾ ಹೋಗಿ ಎಲ್ಲ ವಯಸ್ಕರಿಗೂ ಮತ ಸಿಕ್ಕಿದ್ದು 1959ರಲ್ಲಿ. ಇವತ್ತು ಆ ಪಟ್ಟಿಯಲ್ಲಿ ಸುಮಾರು 10 ಲಕ್ಷ ಹೆಸರುಗಳಿವೆ.

ಹಂತ 3: ಚುನಾವಣೆ ಘೋಷಣೆಯಾದ ಮೇಲೆ

ಸಂಸತ್ತಿನ ಅವಧಿ ಐದು ವರ್ಷ. ಪ್ರಧಾನಿ ಸಲಹೆ ಕೊಟ್ಟರೆ ರಾಷ್ಟ್ರಪತಿ ಮೊದಲೇ ವಿಸರ್ಜಿಸಬಹುದು. 2024ರಲ್ಲಿ ಅಕ್ಟೋಬರ್ 4ಕ್ಕೆ ವಿಸರ್ಜನೆ, ಅಕ್ಟೋಬರ್ 22ಕ್ಕೆ ನಾಮಪತ್ರ, ನವೆಂಬರ್ 10ಕ್ಕೆ ಮತದಾನ. ಐದು ವಾರದಲ್ಲಿ ಎಲ್ಲ ಮುಗಿಯಿತು.

ಪ್ರಚಾರದ ಸಂಭ್ರಮ ನಮ್ಮ ಹಾಗೆಯೇ. ಬೀದಿ ತುಂಬ ಬಾವುಟ. ಮೂಲೆ ಮೂಲೆಗೆ ಪಕ್ಷದ ಅಡ್ಡೆ, ಅಲ್ಲಿನ ಕ್ರಿಯೋಲ್ ಮಾತಿನಲ್ಲಿ ಅದಕ್ಕೆ ಬಾಝ್ ಎನ್ನುತ್ತಾರೆ. ಸಭೆಗೆ ಬಂದವರಿಗೆ ಬಿರಿಯಾನಿ ಕೊಡುವುದೂ ಅಲ್ಲಿ ಹಳೆಯ ಸುದ್ದಿಯೇ. ನೀವು ಗಮನ ಇಡಬೇಕಾದದ್ದು ಗುರುತುಗಳ ಮೇಲೆ. ಲೇಬರ್ ಪಕ್ಷಕ್ಕೆ ಕೀಲಿಕೈ, ಎಂಎಸ್ಎಂಗೆ ಸೂರ್ಯ, ಎಂಎಂಎಂಗೆ ಹೃದಯ, ಪಿಎಂಎಸ್‌ಡಿಗೆ ಹುಂಜ. ಪಕ್ಷಗಳು ಮೈತ್ರಿ ಮಾಡಿಕೊಂಡು ಒಂದು ಕ್ಷೇತ್ರದ ಮೂರು ಸೀಟನ್ನು ಹಂಚಿಕೊಳ್ಳುವುದೇ ಜಾಸ್ತಿ.

ಚುನಾವಣೆಗೆ ನಿಲ್ಲುವವರಿಗೆ ಒಂದು ಷರತ್ತು ನನಗೆ ಯಾವಾಗಲೂ ಕಸಿವಿಸಿ ಮಾಡುತ್ತದೆ: ಸದನದ ಕಲಾಪದಲ್ಲಿ ಭಾಗವಹಿಸುವಷ್ಟು ಇಂಗ್ಲಿಷ್ ಮಾತಾಡಲು, ಓದಲು ಬರಬೇಕು. ಮನೆಯಲ್ಲಿ, ಸಂತೆಯಲ್ಲಿ, ಪ್ರಚಾರದಲ್ಲಿ ಎಲ್ಲರೂ ಆಡುವುದು ಕ್ರಿಯೋಲ್. ಮತ ಕೇಳುವುದು ಆ ಭಾಷೆಯಲ್ಲಿ, ಅರ್ಹತೆ ಅಳೆಯುವುದು ಈ ಭಾಷೆಯಲ್ಲಿ.

ಹಂತ 4: ಮತದಾನದ ದಿನ

ಮತಗಟ್ಟೆಗಳು ಸಾಮಾನ್ಯವಾಗಿ ಶಾಲೆಗಳಲ್ಲಿ ಇರುತ್ತವೆ. ಇವಿಎಂ ಇಲ್ಲ. ಕಾಗದದ ಚೀಟಿ ಮತ್ತು ಪೆಟ್ಟಿಗೆ. ಮತ ಕಡ್ಡಾಯವೂ ಅಲ್ಲ. ಆದರೂ 2024ರಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಬಂದು ಮತ ಹಾಕಿದರು.

ಗುರುತಿನ ಚೀಟಿ ತೆಗೆದುಕೊಂಡು ಹೋಗಿ. ಹೆಸರು ಕೂಗಿ, ಪಟ್ಟಿಯಲ್ಲಿ ಗುರುತು ಹಾಕಿ, ಅಧಿಕೃತ ಮುದ್ರೆ ಇರುವ ಚೀಟಿ ಕೊಡುತ್ತಾರೆ. ಮುದ್ರೆ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ, ಇಲ್ಲದ ಚೀಟಿ ಎಣಿಕೆಯಲ್ಲಿ ಹೊರಗೆ ಹೋಗುತ್ತದೆ. ಅಭ್ಯರ್ಥಿಗಳು ಬಹಳ ಇರುವುದರಿಂದ ಚೀಟಿ ಉದ್ದ ಇರುತ್ತದೆ. ಗಾಬರಿ ಬೇಡ. ಮೇಲಿಂದ ಕೆಳಕ್ಕೆ ಒಮ್ಮೆ ಪೂರಾ ಓದಿ, ಆಮೇಲೆ ಕೈ ಇಡಿ.

ಮೂರು ಹೆಸರುಗಳ ಮುಂದೆ ಮೂರು ಕ್ರಾಸ್ ಗುರುತು. ರೋಡ್ರಿಗಸ್‌ನಲ್ಲಾದರೆ ಎರಡು. ಕಡಿಮೆಯಾದರೂ ಹಾಳು, ಜಾಸ್ತಿಯಾದರೂ ಹಾಳು. ಒಬ್ಬರಿಗೇ ಮೂರೂ ಕೊಡಲು ಬರುವುದಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಎರಡು ಮೂರು ಸೀಟಿರುವ ವಾರ್ಡಿನಲ್ಲಿ ಅಷ್ಟೇ ಮತ ಇರುತ್ತದೆ, ಆದರೆ ನಮಗೆ ಬೇಕಾದ ಒಬ್ಬರಿಗೆ ಹಾಕಿ ಬರಬಹುದು. ಮಾರಿಷಸ್‌ನಲ್ಲಿ ಆ ಆಟ ನಡೆಯಲ್ಲ. ನಿಮಗೆ ಒಬ್ಬರೇ ಇಷ್ಟವಾಗಿದ್ದರೂ ಇನ್ನಿಬ್ಬರನ್ನು ಆರಿಸಿಕೊಂಡೇ ಹೋಗಬೇಕು. ಇದನ್ನು ಮನೆಯಲ್ಲೇ ಯೋಚಿಸಿಟ್ಟುಕೊಳ್ಳಿ.

ಮೂರನ್ನೂ ಒಂದೇ ಪಕ್ಷಕ್ಕೆ ಹಾಕುವುದಕ್ಕೆ ಅಲ್ಲಿ ಬ್ಲಾಕ್ ವೋಟ್ ಎನ್ನುತ್ತಾರೆ. ಬೇರೆ ಬೇರೆ ಪಕ್ಷಕ್ಕೆ ಹಂಚಿದರೆ ಕುಪೆ ತ್ರಾಂಶೆ. ಕತ್ತರಿಸಿ ತುಂಡು ಮಾಡಿದ್ದು ಎಂದು ಅರ್ಥ. ಪಕ್ಷದವರು ಊರೆಲ್ಲ ತಿರುಗಿ ಕೇಳುವುದು ಒಂದೇ: ತುಂಡು ಮಾಡಬೇಡಿ, ಬ್ಲಾಕ್ ಹಾಕಿ.

ಯಾಕೆ ಹಾಗೆ ಕೇಳುತ್ತಾರೆ ಎನ್ನುವುದಕ್ಕೆ ಒಂದು ಪುಟ್ಟ ಲೆಕ್ಕ. ಕ್ಷೇತ್ರದಲ್ಲಿ ನೂರು ಮತದಾರರು ಎಂದುಕೊಳ್ಳೋಣ. 55 ಜನ ಒಂದು ಪಕ್ಷದ ಮೂವರಿಗೂ ಹಾಕಿದರು. 45 ಜನ ಇನ್ನೊಂದು ಪಕ್ಷದ ಮೂವರಿಗೂ ಹಾಕಿದರು. ಮೊದಲ ಪಕ್ಷದ ಮೂವರಿಗೂ ತಲಾ 55. ಮೂರು ಸೀಟೂ ಅವರದೇ. 45 ಜನರಿಗೆ ಒಂದೂ ಇಲ್ಲ. ಇದೇ ಗಾಳಿ 20 ಕ್ಷೇತ್ರದಲ್ಲೂ ಬೀಸಿದರೆ? 1982ರಲ್ಲಿ ಹಾಗೇ ಆಯಿತು, ದೊಡ್ಡ ದ್ವೀಪದ 60ಕ್ಕೆ 60. 1995ರಲ್ಲಿ ಮತ್ತೆ 60ಕ್ಕೆ 60. 2024ರಲ್ಲಿ ಮೂರನೇ ಸಲ. ಈ ಗಾಳಿಗೆ ಪ್ರಧಾನಿಯೂ ಉಳಿಯುವುದಿಲ್ಲ. 2014ರಲ್ಲಿ ಪ್ರಧಾನಿಯಾಗಿದ್ದ ನವೀನ್ ರಾಮಗುಲಾಂ 5ನೇ ಕ್ಷೇತ್ರದಲ್ಲಿ ಸೋತರು. 2024ರಲ್ಲಿ ಪ್ರಧಾನಿಯಾಗಿದ್ದ ಪ್ರವಿಂದ್ ಜಗನ್ನಾಥ್ 8ನೇ ಕ್ಷೇತ್ರದಲ್ಲಿ ಸೋತರು, ರಾಮಗುಲಾಂ ಮತ್ತೆ ಪ್ರಧಾನಿಯಾದರು.

ಹಂತ 5: ಎಣಿಕೆ

ಎಣಿಕೆ ಮಾರನೆಯ ದಿನ. ರಾತ್ರಿಯಿಡೀ ಮತಪೆಟ್ಟಿಗೆಗಳು ಪೊಲೀಸ್ ಕಾವಲಿನಲ್ಲಿ ಇರುತ್ತವೆ, ಪಕ್ಷಗಳ ಏಜೆಂಟರೂ ಅಲ್ಲೇ ಕಾಯುತ್ತಾರೆ. ಬೆಳಗ್ಗೆ ಸೀಲ್ ಒಡೆದು ಎಣಿಕೆ ಶುರು. ಅದೇ ರಾತ್ರಿ ಎಣಿಸಿ ಮುಗಿಸಿ ಎಂಬ ಬೇಡಿಕೆ ಬಹಳ ದಿನದಿಂದ ಇದೆ. ಅತಿ ಹೆಚ್ಚು ಮತ ಬಂದ ಮೂವರು ಗೆದ್ದರು. ಇಲ್ಲಿಯವರೆಗೆ ಸುಲಭ.

ಹಂತ 6: ಸೋತವರಿಗೆ ಸಿಗುವ ಎಂಟು ಸೀಟು

ಇದಕ್ಕೆ ಬೆಸ್ಟ್ ಲೂಸರ್ ಪದ್ಧತಿ ಎಂದು ಹೆಸರು. ಸ್ವಾತಂತ್ರ್ಯಕ್ಕೆ ಮುಂಚೆ, 1966ರಲ್ಲಿ, ಚುನಾವಣಾ ಪದ್ಧತಿ ಹೇಗಿರಬೇಕು ಎಂದು ನೋಡಲು ಬ್ರಿಟಿಷರು ನೇಮಿಸಿದ ಬ್ಯಾನ್‌ವೆಲ್ ಆಯೋಗದ ಕಾಲದಲ್ಲಿ ಇದು ರೂಪ ಪಡೆಯಿತು. ಬ್ರಿಟಿಷರು ಹೊರಟ ಮೇಲೆ ಬಹುಸಂಖ್ಯೆಯವರೇ ಎಲ್ಲ ಸೀಟು ಬಾಚಿಕೊಂಡರೆ ನಮ್ಮ ಗತಿ ಏನು ಎಂದು ಚಿಕ್ಕ ಸಮುದಾಯಗಳಿಗೆ ಭಯವಿತ್ತು. ಆ ಭಯಕ್ಕೆ ಕೊಟ್ಟ ಉತ್ತರ ಇದು. 1967ರ ಚುನಾವಣೆ ಈ ನಿಯಮದಲ್ಲೇ ನಡೆಯಿತು, 1968ರ ಮಾರ್ಚ್ 12ರಂದು ದೇಶ ಸ್ವತಂತ್ರವಾಯಿತು.

ಸಂವಿಧಾನ ಜನರನ್ನು ನಾಲ್ಕು ಗುಂಪು ಮಾಡುತ್ತದೆ: ಹಿಂದೂ, ಮುಸ್ಲಿಂ, ಚೀನೀ ಮೂಲದವರು, ಈ ಮೂರಕ್ಕೂ ಸೇರದ ಉಳಿದ ಎಲ್ಲರೂ. ಕೊನೆಯ ಗುಂಪಿಗೆ ಸಾಮಾನ್ಯ ಜನವರ್ಗ ಎಂದು ಹೆಸರು. ಆಫ್ರಿಕಾ ಮೂಲದ ಕ್ರಿಯೋಲರೂ ಫ್ರೆಂಚ್ ಮೂಲದವರೂ ಅದರಲ್ಲೇ ಬರುತ್ತಾರೆ. ನಾಮಪತ್ರ ಹಾಕುವಾಗ ಅಭ್ಯರ್ಥಿ ತಾನು ಯಾವ ಗುಂಪು ಎಂದು ಬರೆಯಬೇಕು.

ಲೆಕ್ಕ ಹೀಗೆ. ಒಂದು ಗುಂಪಿನ ಜನಸಂಖ್ಯೆಯನ್ನು, ಅವರಿಗೆ ಈಗಾಗಲೇ ಬಂದ ಸೀಟಿಗೆ ಒಂದು ಕೂಡಿಸಿ ಭಾಗಿಸಬೇಕು. ಯಾರ ಭಾಗಲಬ್ಧ ದೊಡ್ಡದೋ ಮುಂದಿನ ಸೀಟು ಅವರಿಗೆ. ಜನಸಂಖ್ಯೆಗೆ ಬಳಸುವುದು 1972ರ ಜನಗಣತಿ: ಹಿಂದೂಗಳು 4,28,167, ಸಾಮಾನ್ಯ ಜನವರ್ಗ 2,36,867, ಮುಸ್ಲಿಮರು 1,37,081, ಚೀನೀ ಮೂಲದವರು 24,084.

ಉದಾಹರಣೆಗೆ 62 ಸೀಟು ಹೀಗೆ ಬಂದವು ಎಂದುಕೊಳ್ಳಿ: ಹಿಂದೂ 37, ಸಾಮಾನ್ಯ ಜನವರ್ಗ 16, ಮುಸ್ಲಿಂ 8, ಚೀನೀ 1. ಭಾಗಿಸಿದರೆ ಹಿಂದೂಗಳಿಗೆ 11,268, ಸಾಮಾನ್ಯ ಜನವರ್ಗಕ್ಕೆ 13,933, ಮುಸ್ಲಿಮರಿಗೆ 15,231, ಚೀನೀಯರಿಗೆ 12,042. ದೊಡ್ಡದು 15,231. ಮೊದಲ ಸೀಟು ಸೋತ ಮುಸ್ಲಿಂ ಅಭ್ಯರ್ಥಿಗಳಲ್ಲಿ ತನ್ನ ಕ್ಷೇತ್ರದಲ್ಲಿ ಶೇಕಡಾವಾರು ಅತಿ ಹೆಚ್ಚು ಮತ ಪಡೆದವರಿಗೆ. ಈಗ ಮುಸ್ಲಿಮರ ಸೀಟು 9, ಅವರ ಲೆಕ್ಕ 13,708ಕ್ಕೆ ಇಳಿಯುತ್ತದೆ. ಎರಡನೇ ಸೀಟು 13,933 ಇರುವ ಸಾಮಾನ್ಯ ಜನವರ್ಗಕ್ಕೆ. ಮೂರನೆಯದು ಮತ್ತೆ ಮುಸ್ಲಿಮರಿಗೆ, ನಾಲ್ಕನೆಯದು ಮತ್ತೆ ಸಾಮಾನ್ಯ ಜನವರ್ಗಕ್ಕೆ. ಕಾಗದ ಪೆನ್ನು ಹಿಡಿದು ಮಾಡಿ ನೋಡಿ, ಬರುತ್ತದೆ.

ಮೊದಲ ನಾಲ್ಕಕ್ಕೆ ಪಕ್ಷ ಯಾವುದಾದರೂ ಸರಿ. ಆ ನಾಲ್ಕರಲ್ಲಿ ಸೋತ ಪಕ್ಷಗಳಿಗೆ ಎಷ್ಟು ಹೋಯಿತೋ, ಉಳಿದ ನಾಲ್ಕರಲ್ಲಿ ಅಷ್ಟನ್ನು ಗೆದ್ದ ಪಕ್ಷದ ಸೋತವರಿಗೆ ಕೊಟ್ಟು ಬಹುಮತ ಅಲುಗದಂತೆ ನೋಡಿಕೊಳ್ಳುತ್ತಾರೆ. ಗೆದ್ದ ಪಕ್ಷದಲ್ಲಿ ಸೋತವರೇ ಇಲ್ಲದಿದ್ದರೆ? ಆಗ ಅವು ಖಾಲಿ. 60ಕ್ಕೆ 60 ಬಂದಾಗ ಎಂಟರ ಬದಲು ನಾಲ್ಕೇ ಸೀಟು ತುಂಬುವುದು ಅದಕ್ಕೇ. ಪಕ್ಷೇತರರಿಗೆ ಇದರಲ್ಲಿ ಪಾಲಿಲ್ಲ.

ನನಗೆ ಈ ಪದ್ಧತಿಯ ಉದ್ದೇಶದ ಮೇಲೆ ಗೌರವ ಇದೆ. ಪುಟ್ಟ ದ್ವೀಪದಲ್ಲಿ ಯಾರೂ ಹೊರಗೆ ಉಳಿಯಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ 1972ರ ನಂತರದ ಜನಗಣತಿಗಳಲ್ಲಿ ಸಮುದಾಯ ಕೇಳುವುದನ್ನೇ ಬಿಟ್ಟಿದ್ದಾರೆ. ಅರ್ಧ ಶತಮಾನದ ಹಿಂದಿನ ತಲೆ ಎಣಿಕೆಯ ಮೇಲೆ ಇವತ್ತಿನ ಸೀಟು ಹಂಚುವುದು ಸರಿಯಲ್ಲ. ತಂದೆ ಒಂದು ಗುಂಪು, ತಾಯಿ ಇನ್ನೊಂದು ಗುಂಪಾದರೆ ಮಗಳು ಏನು ಬರೆಯಬೇಕು? ರೆಜಿಸ್ತಾನ್ಸ್ ಎಕ್ ಆಲ್ತೆರ್ನಾತಿವ್ ಎಂಬ ಪಕ್ಷದವರು ನಾವು ಬರೆಯುವುದಿಲ್ಲ ಎಂದು ಹಟ ಹಿಡಿದರು. 2005ರಲ್ಲಿ ಅವರ ನಾಮಪತ್ರಗಳು ತಿರಸ್ಕಾರವಾದವು. ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋದರು. 2012ರಲ್ಲಿ ಸಮಿತಿ ಅವರ ಪರವಾಗಿ ಹೇಳಿತು. 2014ರಲ್ಲಿ ಸರ್ಕಾರ ಕಾನೂನು ತಂದು ಗುಂಪು ಬರೆಯದೆಯೂ ನಿಲ್ಲಬಹುದು ಎಂದಿತು, ಆದರೆ ಆ ಒಂದು ಚುನಾವಣೆಗೆ ಮಾತ್ರ.

ಫಲಿತಾಂಶ ಒಪ್ಪದಿದ್ದರೆ

ಫಲಿತಾಂಶ ಬಂದ 21 ದಿನದೊಳಗೆ ಸುಪ್ರೀಂ ಕೋರ್ಟಿಗೆ ತಕರಾರು ಅರ್ಜಿ ಹಾಕಬೇಕು. ದಿನ ಮೀರಿದರೆ ಕೇಳುವುದಿಲ್ಲ. ಕೊನೆಯ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. 2019ರಲ್ಲಿ 8ನೇ ಕ್ಷೇತ್ರದ ಫಲಿತಾಂಶದ ಮೇಲೆ ಹಾಕಿದ ತಕರಾರು ಅಲ್ಲಿಯವರೆಗೂ ಹೋಗಿ, 2023ರ ಅಕ್ಟೋಬರ್‌ನಲ್ಲಿ ವಜಾ ಆಯಿತು. ನಾಲ್ಕು ವರ್ಷ. ಅಷ್ಟರಲ್ಲಿ ಸಂಸತ್ತಿನ ಅವಧಿಯೇ ಮುಗಿಯುತ್ತ ಬಂದಿತ್ತು.

ರೋಡ್ರಿಗಸ್‌ನಲ್ಲಿ ಇರುವವರಿಗೆ

ನೀವು ರೋಡ್ರಿಗಸ್‌ನಲ್ಲಿದ್ದರೆ ಇನ್ನೊಂದು ಚುನಾವಣೆಯೂ ನಿಮಗಿದೆ. 2002ರಿಂದ ಆ ದ್ವೀಪಕ್ಕೆ ತನ್ನದೇ ಪ್ರಾದೇಶಿಕ ಸಭೆ ಇದೆ. ಆರು ಪ್ರದೇಶಗಳಿಂದ ಇಬ್ಬರಂತೆ 12 ಜನ ನೇರವಾಗಿ ಗೆಲ್ಲುತ್ತಾರೆ. ಅದರ ಮೇಲೆ ಪಕ್ಷಗಳಿಗೆ ಬಿದ್ದ ಮತದ ಪ್ರಮಾಣ ನೋಡಿ ಇನ್ನಷ್ಟು ಸೀಟು ಹಂಚುತ್ತಾರೆ. ಸಮುದಾಯದ ಲೆಕ್ಕ ಅಲ್ಲಿಲ್ಲ. ಮತಗಟ್ಟೆಯಲ್ಲಿ ಕೈಗೆ ಎರಡು ಚೀಟಿ ಕೊಡುತ್ತಾರೆ: ನಿಮ್ಮ ಪ್ರದೇಶದ ಅಭ್ಯರ್ಥಿಗಳದ್ದು ಒಂದು, ಇಡೀ ದ್ವೀಪಕ್ಕೆ ಪಕ್ಷ ಆರಿಸುವುದು ಇನ್ನೊಂದು. ಎರಡನೆಯದರಲ್ಲಿ ಒಂದೇ ಕ್ರಾಸ್.